ಒದೆಯುವ ಹಸುವಿಗೆ ಆಂಟಿ ಕಿಕ್ ಬಾರ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಹಸು ಕುದುರೆಯ ಹಾಗೆ ನೇರ ಹಿಂದಕ್ಕೆ ಝಾಡಿಸುವುದು ಕಡಿಮೆ. ಹಿಂಗಾಲನ್ನು ಮೊದಲು ಮುಂದಕ್ಕೆ ಎತ್ತಿ, ಪಕ್ಕಕ್ಕೆ ಬೀಸಿ, ಆಮೇಲೆ ಹಿಂದಕ್ಕೆ ಎಳೆಯುತ್ತದೆ. ಹಾಲು ಹಿಂಡುವವರ ಮುಂಗೈ, ಮಂಡಿ, ಮುಖ ಎಲ್ಲವೂ ಇರುವುದು ಆ ದಾರಿಯಲ್ಲೇ. ಕಾಲು ಮುಂದಕ್ಕೆ ಏಳದಂತೆ ತಡೆದರೆ ಒದೆತಕ್ಕೆ ಬೀಸು ಸಿಗುವುದಿಲ್ಲ. ಆಂಟಿ ಕಿಕ್ ಬಾರ್ ಮಾಡುವುದು ಇಷ್ಟೇ, ಆದರೆ ಅದನ್ನು ಚೆನ್ನಾಗಿ ಮಾಡುತ್ತದೆ.

ಸಾಮಾನು ಸರಳ: ಕೊಕ್ಕೆಯಂತೆ ಬಾಗಿದ ಎರಡು ಪೈಪು. ಸಣ್ಣದು ದೊಡ್ಡದರೊಳಗೆ ಜಾರುತ್ತದೆ, ಸ್ಪ್ರಿಂಗ್ ಗುಂಡಿ ತೂತಿಗೆ ಬಿದ್ದು ಅಳತೆಯನ್ನು ಹಿಡಿದಿಡುತ್ತದೆ. ಎರಡೂ ತುದಿಗೆ ರಬ್ಬರ್ ಟೊಪ್ಪಿ.

ತೊಡಿಸುವ ಕ್ರಮ ತಪ್ಪಿದರೆ ಇದೂ ಅಪಾಯವೇ. ಹಸುವನ್ನು ಗಿಡ್ಡ ಹಗ್ಗದಲ್ಲಿ ಗೋದಲಿಗೆ ಕಟ್ಟಿ. ಹಗ್ಗವನ್ನು ಬೆರಳಿಗೋ ಮುಂಗೈಗೋ ಸುತ್ತಿಕೊಳ್ಳಬೇಡಿ, ಒಂದೇ ಜಗ್ಗಿಗೆ ಬೆರಳು ಹೋಗುತ್ತದೆ. ಸರಿಯಾಗಿ ಬಾಲದ ಹಿಂದೆ ನಿಂತವರು ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಭುಜದ ಬಳಿಯಿಂದ ಮಾತಾಡಿಸುತ್ತಾ, ಬೆನ್ನ ಮೇಲೆ ಕೈಯಾಡಿಸುತ್ತಾ ಹಿಂದಕ್ಕೆ ಬನ್ನಿ. ಮೇಲಿನ ಕೊಕ್ಕೆ ಸೊಂಟದ ಮೂಳೆಗಿಂತ ತುಸು ಮುಂದೆ, ಬೆನ್ನುಮೂಳೆಯ ಆಚೆಗೆ ಕೂರಬೇಕು. ಕೆಳಗಿನದು ತೊಡೆಯ ಮುಂದಿನ ಚರ್ಮದ ಮಡಿಕೆಯಲ್ಲಿ, ಕೆಚ್ಚಲಿಗೆ ತಾಗದಂತೆ ಇರಬೇಕು. ಒಂದೊಂದೇ ತೂತು ಬಿಗಿಸಿ. ಕೈಯಲ್ಲಿ ಅಲ್ಲಾಡಿಸಿದರೆ ಜಾರಬಾರದು. ಹಸು ಬೆನ್ನು ಕುಗ್ಗಿಸಿ ನರಳಿದರೆ ಒಂದು ತೂತು ಸಡಿಲಿಸಿ. ಹಾಕಿದ ಕೂಡಲೇ ಅದು ಒಂದೆರಡು ಸಲ ಕಾಲು ಕಿತ್ತು ನೋಡುತ್ತದೆ. ಆ ಮಿಡುಕಾಟ ನಿಂತ ಮೇಲೆ ಬಕೆಟ್ ಇಡಿ.

ಕೈಕೊಡುವುದು ಹೆಚ್ಚಾಗಿ ಗುಂಡಿ. ಸಗಣಿ, ತುಕ್ಕು ಸೇರಿ ಅದು ಅರ್ಧಕ್ಕೇ ನಿಲ್ಲುತ್ತದೆ, ಬಿಗಿ ಬಿದ್ದಂತೆ ಕಾಣುತ್ತದೆ, ಹಸು ಉಸಿರೆಳೆದಾಗ ಬಿಟ್ಟುಕೊಳ್ಳುತ್ತದೆ. ಬಳಸಿದ ಮೇಲೆ ತೊಳೆದು ಒಣಗಿಸಿ, ಗುಂಡಿಗೆ ಒಂದು ಹನಿ ಎಣ್ಣೆ ಬಿಡಿ. ರಬ್ಬರ್ ಟೊಪ್ಪಿ ಕಳಚಿದ ಬಾರನ್ನು ಬಳಸಲೇಬೇಡಿ, ಪೈಪಿನ ಅಂಚು ಚರ್ಮ ಸೀಳುತ್ತದೆ. ತೆಗೆಯುವಾಗ ಇನ್ನೊಂದು ಗಂಡಾಂತರ: ಗುಂಡಿ ಒತ್ತಿದ ತಕ್ಷಣ ಬಿಗಿ ಕಳಚಿ ಪೈಪು ಚಿಮ್ಮುತ್ತದೆ. ಮುಖ ಆಚೆ ಇರಲಿ, ಒಂದು ಕೈ ಮೇಲಿನ ಕೊಕ್ಕೆಯ ಮೇಲಿರಲಿ, ಪೈಪು ಸೇರುವ ಕಡೆ ಬೆರಳು ಬೇಡ.

ಎರಡೂ ಹಿಂಗಾಲಿಗೆ ಎಂಟರ ಆಕಾರದಲ್ಲಿ ಹಗ್ಗ ಕಟ್ಟುವುದಕ್ಕಿಂತ ಇದು ಮೇಲು. ಕಾಲು ಕಟ್ಟಿದ ಹಸು ಗಾಬರಿಯಾದರೆ ಬೀಳುತ್ತದೆ, ನಾನೂರು ಕೆಜಿಯ ಮೈ ಪಕ್ಕದಲ್ಲಿ ಕೂತವರ ಮೇಲೇ ಬರಬಹುದು. ಬಾರ್ ಹಾಕಿದ ಹಸು ನಾಲ್ಕೂ ಕಾಲೂರಿ ನಿಂತಿರುತ್ತದೆ.

ಆದರೆ ಇದು ತಡೆಯುವುದು ಒಂದು ಬದಿಯ ಕಾಲನ್ನು ಮಾತ್ರ. ಆಚೆ ಕಾಲು, ಬಾಲದ ಏಟು, ಗೋಡೆಗೆ ಒತ್ತಿ ಅದುಮುವುದು ಯಾವುದಕ್ಕೂ ಇದರಲ್ಲಿ ಉತ್ತರವಿಲ್ಲ. ಗೊರಸು ಕೆತ್ತಲು, ಚುಚ್ಚುಮದ್ದಿಗೆ ಇದನ್ನು ನೆಚ್ಚಬೇಡಿ, ಅಲ್ಲಿಗೆ ಟ್ರೆವಿಸ್, ಅಂದರೆ ಹಸುವನ್ನು ಒಳಗೆ ನಿಲ್ಲಿಸಿ ಕಟ್ಟುವ ಕಂಬಗಳ ಚೌಕಟ್ಟೇ ಬೇಕು. ತುಂಬು ಗಬ್ಬದ ಹಸುವಿನ ಹೊಟ್ಟೆಗೆ ಈ ಒತ್ತಡ ಬೇಡ. ಹಿಂಡಿ ಮುಗಿದ ಮೇಲೆ ಒಂದು ನಿಮಿಷವೂ ಬಿಟ್ಟಿರಬೇಡಿ.

ನಮ್ಮ ದೊಡ್ಡ ತಕರಾರು ಬಾರಿನ ಮೇಲಲ್ಲ, ಅದನ್ನು ಕೊಳ್ಳುವ ಆತುರದ ಮೇಲೆ. ನಿನ್ನೆಯವರೆಗೆ ಸುಮ್ಮನಿದ್ದ ಹಸು ಇವತ್ತು ಒದ್ದರೆ ಮೊದಲು ಕೆಚ್ಚಲು ಮುಟ್ಟಿ ನೋಡಿ: ಒಂದು ಭಾಗ ಬಿಸಿಯೇ, ಗಟ್ಟಿಯೇ, ಮೊದಲ ಧಾರೆಯಲ್ಲಿ ಗರಣೆಯೇ? ಹಾಗಿದ್ದರೆ ಅದು ಕೆಚ್ಚಲು ಬಾವು, ವೈದ್ಯರನ್ನು ಕರೆಯಬೇಕು. ತೊಟ್ಟಿನ ಬಿರುಕು, ಹಿಂಡುವವರ ಉಗುರು ಕೂಡ ಒದೆತಕ್ಕೆ ಕಾರಣ. ಹೆದರಿದ ಹಸು ಸೊರೆಯನ್ನೂ ಬಿಡುವುದಿಲ್ಲ, ಬಿಗಿದಷ್ಟೂ ಹಾಲು ಒಳಗೇ ಉಳಿಯುತ್ತದೆ. ಮೊದಲ ಸೂಲಿನ ಹಸುವಿಗೆ, ನೋವಿಲ್ಲವೆಂದು ಖಾತರಿಯಾದ ಮೇಲೆ, ಕೆಲವು ದಿನ ಹಾಕಿ. ದಿನ ಕಳೆದಂತೆ ಒಂದೊಂದು ತೂತು ಸಡಿಲಿಸುತ್ತಾ ಬನ್ನಿ.