ಕಾಗದದ ಮೇಲೆ ಏಳು ವರ್ಷ: ಹಾನ್ಸ್ ವೆಗ್ನರ್ ಅವರ ಸಿಎಚ್ 25 ಆರಾಮ ಕುರ್ಚಿ

ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿರುವ ನಮ್ಮ ಬಾಡಿಗೆ ಮನೆಗೆ ಈ ಕುರ್ಚಿ ಬಂದು ಏಳು ವರ್ಷಗಳಾದವು. ಅದನ್ನು ಕೊಳ್ಳುವಾಗ ನಾನು ನೋಡಿದ್ದು ಓಕ್ ಮರವನ್ನು ಮಾತ್ರ. ದೋಣಿಯ ಹುಟ್ಟಿನಂತೆ ಮುಂದಕ್ಕೆ ಅಗಲವಾಗುವ ಕೈಗಳು, ಹಿಂದಕ್ಕೆ ಚಾಚಿ ಬೆನ್ನೊರಗನ್ನು ಹೊತ್ತು ನಿಂತ ಕಾಲುಗಳು, ಕೀಲುಗಳ ನಯ, ಇವುಗಳಿಗೆ ಮರುಳಾಗಿ ಹಣ ಕೊಟ್ಟೆ. ಆಮೇಲೆ ದಿನನಿತ್ಯ ನನ್ನನ್ನು ಸಂತೋಷಪಡಿಸಿದ್ದೂ ಕಾಡಿಸಿದ್ದೂ ಮರವಲ್ಲ, ಅದಕ್ಕೆ ಸುತ್ತಿದ್ದ ಕಾಗದ.

ಕಾಗದವೆಂದರೆ ನಿಜವಾಗಿಯೂ ಕಾಗದವೇ. ಗಟ್ಟಿ ಕಾಗದದ ಪಟ್ಟಿಗಳನ್ನು ಹುರಿ ಮಾಡಿ, ಅಂಥ ಮೂರು ಎಳೆಗಳನ್ನು ಒಟ್ಟಿಗೆ ಹೊಸೆದರೆ ಆಗುವ ದಾರ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಿಂದ ಬರುತ್ತಿದ್ದ ಕಡಲಹುಲ್ಲಿನ ಹುರಿ ಸಿಗದಂತಾದಾಗ ಡೇನಿಷ್ ಬಡಗಿಗಳು ಅದರ ಬದಲಿಗೆ ಇದನ್ನು ಹಿಡಿದರು. ಜರ್ಮನಿಯ ಗಡಿಯ ಪಕ್ಕದ ಟೊಂಡರ್ ಎಂಬ ಊರಿನಲ್ಲಿ, ಬೂಟು ಹೊಲಿಯುವವರ ಮಗನಾಗಿ 1914ರಲ್ಲಿ ಹುಟ್ಟಿದ, ಈ ಕುರ್ಚಿಯನ್ನು ರೂಪಿಸಿದ ವೆಗ್ನರ್, ಹುಡುಗನಾಗಿದ್ದಾಗಲೇ ಊರಿನ ಬಡಗಿಯೊಬ್ಬರ ಬಳಿ ಕೆಲಸ ಕಲಿತವರು. 1949ರಲ್ಲಿ ಅವರು ಇದೇ ಓಡೆನ್ಸೆಯ ಕಾರ್ಲ್ ಹ್ಯಾನ್ಸೆನ್ ಸಂಸ್ಥೆಗಾಗಿ ಕುರ್ಚಿಗಳನ್ನು ರೂಪಿಸತೊಡಗಿದರು. ಮರುವರ್ಷ ಹೊರಬಂದ ಮೊದಲ ಕೆಲವು ಕುರ್ಚಿಗಳಲ್ಲಿ ಇದೂ ಒಂದು. ಕೂರುವ ಭಾಗಕ್ಕೂ ಬೆನ್ನಿಗೂ ಸೇರಿ ಸುಮಾರು 400 ಮೀಟರ್ ಹುರಿ ಬೇಕಾಗುತ್ತದೆ, ಅನುಭವಿ ಕೆಲಸಗಾರರೊಬ್ಬರಿಗೆ ಒಂದು ಕುರ್ಚಿಯ ನೇಯ್ಗೆಗೇ ಹತ್ತು ಗಂಟೆ ಹಿಡಿಯುತ್ತದೆ. ಯುದ್ಧ ಮುಗಿದ ಮೇಲೆ, ತೊಗಲೂ ಬಟ್ಟೆಯೂ ಸಿಗುತ್ತಿದ್ದ ದಿನಗಳಲ್ಲಿ, ಬೈಠಕ್ಕಿನ ಕುರ್ಚಿಗೆ ಬೇಕೆಂದೇ ಕಾಗದವನ್ನು ಆರಿಸಿಕೊಂಡ ಅವರ ಎದೆಗಾರಿಕೆಯನ್ನು ನಾನು ಮೆಚ್ಚುತ್ತೇನೆ. ಅದರ ಫಲವನ್ನು ಅನುಭವಿಸುತ್ತಲೂ ಇದ್ದೇನೆ.

ಮೊದಲ ಫಲವೆಂದರೆ ಸದ್ದು. ನನಗೆ ಮಾರಿದವರು ಮಾರುವ ಮೊದಲು ಹಳೆಯ ನೇಯ್ಗೆಯನ್ನು ಬಿಚ್ಚಿ ಹೊಸ ಹುರಿ ಹಾಕಿಸಿದ್ದರು. ಹೊಸ ಹುರಿ ಬಿಗಿಯಾಗಿರುತ್ತದೆ, ಎಳೆಗೆ ಎಳೆ ತಿಕ್ಕಿ ಕಿರುಗುಟ್ಟುತ್ತದೆ. ಕೂತಾಗ ಒಮ್ಮೆ, ಪುಟ ತಿರುವಲು ಕೈ ಎತ್ತಿದಾಗ ಒಮ್ಮೆ, ಸೀನಿದಾಗ ಒಮ್ಮೆ. ಮಗಳನ್ನು ಆಗಷ್ಟೇ ಮಲಗಿಸಿ ಬಂದು ಮೆಲ್ಲನೆ ಕೂತರೆ ಕುರ್ಚಿಯೇ ಮನೆಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ಹಳೆಯ ಬಿದಿರಿನ ಏಣಿ ಹತ್ತುವಾಗ ಬರುವಂಥ ಆ ಸದ್ದು ಒಂದೂವರೆ ವರ್ಷದಲ್ಲಿ ತಾನಾಗಿಯೇ ಅಡಗಿತು. ನೇಯ್ಗೆ ನನ್ನ ಮೈಯ ಭಾರಕ್ಕೆ ತಕ್ಕಂತೆ ನಡುವೆ ಒಂದಿಷ್ಟು ತಗ್ಗಿ, ಅಲ್ಲಿಯೇ ನಿಂತುಕೊಂಡಿತು.

ಇದು ನಿದ್ದೆ ಮಾಡುವ ಕುರ್ಚಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ ಇರುತ್ತಿದ್ದ ಬೆತ್ತದ ಆರಾಮ ಕುರ್ಚಿಯನ್ನು, ಅದರ ಉದ್ದನೆಯ ಕೈಗಳ ಮೇಲೆ ಕಾಲು ಚಾಚಿ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದ ಅಜ್ಜನನ್ನು ನೆನೆದುಕೊಂಡು ಇದನ್ನು ಕೊಂಡರೆ ನಿರಾಶೆ ಖಂಡಿತ. ಬೆನ್ನೊರಗು ಹೆಗಲವರೆಗೂ ಸರಿಯಾಗಿ ಬರುವುದಿಲ್ಲ, ತಲೆಗೆ ಆಸರೆಯೇ ಇಲ್ಲ. ಆದರೆ ಕೂರುವ ಭಾಗ ಅಗಲವಾಗಿದೆ, ಕೈಗಳ ನಡುವಿನ ಜಾಗ ಧಾರಾಳವಾಗಿದೆ. ಹಾಗಾಗಿ ಇಲ್ಲಿನ ಯಾವ ವಿಮರ್ಶೆಯಲ್ಲೂ ನನಗೆ ಕಾಣಸಿಗದ ಒಂದು ಉಪಯೋಗ ನನಗೆ ಮೊದಲ ವಾರದಲ್ಲೇ ಸಿಕ್ಕಿತು: ಇದರ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂರಬಹುದು. ಮಂಡಿಗಳು ಮರಕ್ಕೆ ತಾಗುವುದಿಲ್ಲ, ನೇಯ್ಗೆ ನವಾರು ಮಂಚದ ಹಾಗೆ ಕೆಳಗಿನಿಂದ ಹಿಡಿದುಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಎಂಟಾದರೂ ಹೊರಗೆ ಕತ್ತಲೆಯಿರುವ ಈ ಊರಿನಲ್ಲಿ, ಕಾಲು ಮಡಿಸಿ ಶಾಲು ಹೊದ್ದು, ಬಲಗೈಯ ಅಗಲ ತುದಿಯಲ್ಲಿ ಕಾಫಿ ಲೋಟವಿಟ್ಟುಕೊಂಡು ಕೂರುವ ಇಪ್ಪತ್ತು ನಿಮಿಷಗಳಿಗೆ ನಾನು ಯಾವ ಸೋಫಾವನ್ನೂ ಬದಲಿಗೆ ಪಡೆಯಲಾರೆ. ತೊಗಲಿನ ಕುರ್ಚಿ ಕೂತ ಕೂಡಲೇ ತಣ್ಣಗೆ ಕೊರೆಯುತ್ತದೆ. ಕಾಗದ ಹಾಗೆ ಮಾಡುವುದಿಲ್ಲ. ಬೇಸಿಗೆಯಲ್ಲಿ ಚಡ್ಡಿ ಹಾಕಿ ಕೂತರೆ ಮಾತ್ರ ತೊಡೆಯ ಹಿಂಭಾಗದಲ್ಲಿ ನೇಯ್ಗೆಯ ಅಚ್ಚು ಮೂಡುತ್ತದೆ.

ಅದರ ಆರೈಕೆಯ ಬಗ್ಗೆ ಬರೆಯಲು ನನಗೆ ಸ್ವಲ್ಪ ಜಾಸ್ತಿಯೇ ಇಷ್ಟ. ನನ್ನದು ಸಾಬೂನು ಹಚ್ಚಿದ ಓಕ್. ವಾರ್ನಿಷ್ ಇಲ್ಲ, ಎಣ್ಣೆಯಿಲ್ಲ. ಚಳಿಗಾಲದಲ್ಲಿ ಮನೆ ಬಿಸಿಮಾಡಲು ಶುರುಮಾಡುವ ಮೊದಲು ಒಮ್ಮೆ, ವಸಂತದಲ್ಲಿ ಒಮ್ಮೆ, ಇಲ್ಲಿನ ಅಂಗಡಿಗಳಲ್ಲಿ ಸಿಗುವ ಬಿಳಿ ಸಾಬೂನಿನ ತೆಳು ಹೆರೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಅದ್ದಿ ಹಿಂಡಿ, ಮರದ ನಾರಿನ ದಿಕ್ಕಿನಲ್ಲೇ ಒರೆಸುತ್ತೇನೆ. ಹುರಿಯ ಅಂಚಿಗೆ ಬಂದಾಗ ಉಸಿರು ಬಿಗಿಹಿಡಿಯುತ್ತೇನೆ. ರಾತ್ರಿಯೆಲ್ಲ ಆರಲು ಬಿಟ್ಟರೆ ಬೆಳಿಗ್ಗೆ ಮರದ ಸಣ್ಣ ನಾರುಗಳು ಮೇಲೆದ್ದು ಮುಖಕ್ಕೆ ಎರಡು ದಿನದ ಗಡ್ಡ ಬಂದ ಹಾಗೆ ಒರಟಾಗಿರುತ್ತದೆ. ತೀರ ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಸವರಿದರೆ ಆಯಿತು, ಅಂಗೈಗೆ ಒಗೆದ ಹತ್ತಿಬಟ್ಟೆ ಮುಟ್ಟಿದಂತಾಗುತ್ತದೆ. ಇನ್ನು ಶನಿವಾರದ ಕೆಲಸ ಬೇರೆ: ಕುರ್ಚಿಯನ್ನು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದರೆ ವಾರದ ಲೆಕ್ಕವೆಲ್ಲ ನೆಲಕ್ಕೆ ಬೀಳುತ್ತದೆ. ಚಕ್ಕುಲಿ ಚೂರು, ಅವಲಕ್ಕಿ, ಪೆನ್ಸಿಲ್ ಮೊನೆ, ಒಮ್ಮೆ ಮಗಳ ಹಾಲುಹಲ್ಲು.

ಕೊಂಡ ಎರಡನೆಯ ಬೇಸಿಗೆಯಲ್ಲಿ ಅಮ್ಮ ಮೂರು ತಿಂಗಳು ಇರಲು ಬಂದರು. ಭಾನುವಾರ ಬೆಳಿಗ್ಗೆ ಅಜ್ಜಿ ಮೊಮ್ಮಗಳ ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟಿ ಬಿಟ್ಟರೆ, ಮಗಳು ನೇರವಾಗಿ ಈ ಕುರ್ಚಿಗೆ ಬಂದು, ಮೈ ಮುದುಡಿಕೊಂಡು, ಬೆನ್ನೊರಗಿನ ಎಡಮೂಲೆಗೆ ತಲೆಯಾನಿಸಿ ಚಿತ್ರಕಥೆ ಓದುತ್ತಿದ್ದಳು. ಎಷ್ಟು ಭಾನುವಾರ ಹೀಗೆ ನಡೆಯಿತೋ, ನಾನು ಗಮನಿಸಲಿಲ್ಲ. ಗಮನಿಸಿದ ದಿನ ಬೆನ್ನಿನ ಮೂಲೆಯಲ್ಲಿ ಅಂಗೈಯಗಲದ ಕಂದು ಕಲೆ ಹರಡಿತ್ತು. ಬಿಸಿ ಬೋಂಡ ಕಟ್ಟಿಕೊಟ್ಟ ಕಾಗದದ ಬಣ್ಣ ನಿಮಗೆ ಗೊತ್ತಿದೆಯಲ್ಲ, ಅದೇ. ನೀರು ಚೆಲ್ಲಿದರೆ ತಕ್ಷಣ ಒತ್ತಿ ತೆಗೆಯಬಹುದು, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಎಣ್ಣೆ ಮಾತ್ರ ಹುರಿಯ ಒಳಗಿಳಿದು ಕೂತಿತು. ಜೋಳದ ಹಿಟ್ಟು ಉದುರಿಸಿ ಒಂದು ರಾತ್ರಿ ಬಿಟ್ಟೆ. ಮರುದಿನ ಕಲೆಯೂ ಇತ್ತು, ಹುರಿಯ ಸಂದುಗಳಲ್ಲಿ ಹಿಟ್ಟೂ ಇತ್ತು.

ಅಮ್ಮನಿಗೆ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಹಲವು ತಿಂಗಳು ಕುರ್ಚಿಯ ಮೇಲೆ ನನ್ನ ಮನಸ್ಸು ಕೆಟ್ಟಿತು ಎಂಬುದು ನಿಜ. ಮನೆಯವರೆಲ್ಲ ಎಚ್ಚರದಿಂದ ಬಳಸಬೇಕಾದ ಆಸನವು ಆಸನವೇ ಹೇಗಾದೀತು ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನೇಯ್ಗೆ ಕೆಲಸ ಮಾಡುವವರೊಬ್ಬರಿಗೆ ಫೋಟೊ ಕಳಿಸಿದೆ. ನಡುವೆ ಕೆಲವು ಎಳೆಗಳನ್ನಷ್ಟೇ ಬದಲಿಸಲು ಆಗದು, ಬೆನ್ನನ್ನು ಪೂರ್ತಿ ಬಿಚ್ಚಬೇಕು, ಹೊಸ ಬೆನ್ನೂ ಹಳೆಯ ಆಸನವೂ ಬೇರೆ ಬೇರೆ ಬಣ್ಣವಾಗಿ ಕಾಣುತ್ತವೆ, ಎರಡನ್ನೂ ಮಾಡಿಸಿದರೆ 6,500 ಕ್ರೋನ ಎಂದರು. ಕುರ್ಚಿಗೇ ನಾನು ಕೊಟ್ಟಿದ್ದು 16,000 ಕ್ರೋನ. ಅದೂ ಎರಡು ವರ್ಷ ಊರಿಗೆ ಹೋಗುವುದನ್ನು ಮುಂದೂಡಿ ಉಳಿಸಿದ ಹಣ. ಮಾರಿಬಿಡೋಣವೆಂದು ಜಾಹೀರಾತನ್ನೂ ಬರೆದಿಟ್ಟಿದ್ದೆ.

ಅದನ್ನು ಹಾಕದೆ ಉಳಿದದ್ದು ಯಾವ ದೊಡ್ಡ ಜ್ಞಾನೋದಯದಿಂದಲೂ ಅಲ್ಲ, ಸೋಮಾರಿತನದಿಂದ. ಆ ನಡುವೆ ಒಂದು ರಜೆಯಲ್ಲಿ ಟೊಂಡರಿಗೆ ಹೋಗಿದ್ದೆವು. ಅಲ್ಲಿನ ಹಳೆಯ ನೀರಿನ ಗೋಪುರದಲ್ಲಿ ವೆಗ್ನರ್ ಅವರ ಕುರ್ಚಿಗಳನ್ನು ಮಹಡಿಯ ಮೇಲೆ ಮಹಡಿಯಾಗಿ ಜೋಡಿಸಿಟ್ಟಿದ್ದಾರೆ. ಹುರಿ ಹೆಣೆದ ಕುರ್ಚಿಗಳನ್ನೆಲ್ಲ ನಾನು ಹತ್ತಿರದಿಂದ, ಬಹುಶಃ ಅನುಮಾನ ಬರುವಷ್ಟು ಹತ್ತಿರದಿಂದ, ನೋಡಿದೆ. ಹಳೆಯ ಹುರಿ ಹೊಸದರಂತೆ ಹುಲ್ಲಿನ ಬಣ್ಣದಲ್ಲಿ ಇರುವುದಿಲ್ಲ, ಬೆಲ್ಲದ ಕಡೆಗೆ ತಿರುಗುತ್ತದೆ ಎಂಬುದು ಕಣ್ಣಿಗೆ ಬಿತ್ತು. ನಮ್ಮ ಮನೆಯದೂ ಕಿಟಕಿಯ ಬೆಳಕಿಗೆ ನಿಧಾನವಾಗಿ ಅದೇ ದಾರಿ ಹಿಡಿದಿದೆ. ಕಲೆ ಹೋಗಿಲ್ಲ, ಉಳಿದ ಬೆನ್ನು ಅದರ ಹತ್ತಿರಕ್ಕೆ ಬರುತ್ತಿದೆ. ಬಂದವರಿಗೆ ತೋರಿಸಿದರೆ ಮಾತ್ರ ಕಾಣುತ್ತದೆ, ನನಗೆ ತೋರಿಸದೆಯೂ ಕಾಣುತ್ತದೆ.

ಅಮ್ಮನ ವಿಷಯದಲ್ಲಿ ನನ್ನ ಅಂದಾಜೂ ತಪ್ಪಾಯಿತು. ಆಸನ ನೆಲಕ್ಕೆ ತೀರ ಹತ್ತಿರ, ಅವರ ಮಂಡಿನೋವಿಗೆ ಇದು ಒಗ್ಗದು ಎಂದು ನಾನು ಬೇರೆ ಎತ್ತರದ ಕುರ್ಚಿಯನ್ನು ಹೊಂದಿಸಿಟ್ಟಿದ್ದೆ. ಎರಡನೆಯ ಸಲ ಬಂದಾಗ ಅವರು ಸೊಪ್ಪು ಬಿಡಿಸಲು ಆರಿಸಿಕೊಂಡಿದ್ದು ಇದನ್ನೇ. "ಮಣೆಗಿಂತ ಎತ್ತರ, ಕುರ್ಚಿಗಿಂತ ತಗ್ಗು, ಇದೇ ಸರಿ ಕಣೋ" ಎಂದರು. ಏಳುವಾಗ ಎರಡೂ ಕೈಗಳ ಅಗಲ ತುದಿಗಳನ್ನು ಒತ್ತಿ ಹಿಡಿದು ಮುಂದಕ್ಕೆ ಬಾಗಿ ಎದ್ದುಬಿಡುತ್ತಾರೆ. ಆ ಹುಟ್ಟಿನ ಆಕಾರ ಅಂದಕ್ಕಾಗಿ ಮಾತ್ರ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಊರಿಗೆ ಮರಳುವಾಗ ಇದನ್ನು ಸಾಗಿಸಬಹುದೇ ಎಂದು ಕೇಳುವ ಗೆಳೆಯರಿದ್ದಾರೆ. ಮೈಸೂರಿಗಾದರೆ ನಾನು ಧೈರ್ಯ ಮಾಡುತ್ತೇನೆ. ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಮಂಗಳೂರಿನ ಅಥವಾ ಮಲೆನಾಡಿನ ಮಳೆಗಾಲಕ್ಕೆ 400 ಮೀಟರ್ ಕಾಗದವನ್ನು ಒಡ್ಡಲು ಮನಸ್ಸು ಬಾರದು; ಅಲ್ಲಿಗೆ ನಮ್ಮ ಬೆತ್ತವೇ ಸರಿ. ಹೊಸದನ್ನು ಕೊಳ್ಳುವ ಶಕ್ತಿ ನನಗೆ ಇರಲಿಲ್ಲ, ಇದ್ದಿದ್ದರೂ ಚಿಕ್ಕ ಮಕ್ಕಳಿರುವ ಮನೆಗೆ ಹೊಸದನ್ನು ತರುತ್ತಿರಲಿಲ್ಲ. ಬಳಸಿದ್ದನ್ನು ಕೊಳ್ಳುವುದಾದರೆ ಮರದ ಗೀರುಗಳ ಬಗ್ಗೆ ಚಿಂತಿಸಬೇಡಿ, ಸಾಬೂನು ನೀರು ಅದನ್ನು ನೋಡಿಕೊಳ್ಳುತ್ತದೆ. ಕುರ್ಚಿಯನ್ನು ಮಗುಚಿ, ಮುಂದಿನ ಅಡ್ಡಪಟ್ಟಿಯನ್ನು ಸುತ್ತಿರುವ ಹುರಿಯ ಮೇಲೆ ಹೆಬ್ಬೆರಳು ಎಳೆಯಿರಿ. ಮಂಡಿಯ ಹಿಂಭಾಗ ಸದಾ ಉಜ್ಜುವ ಆ ಜಾಗದಲ್ಲಿ ಎಳೆ ತುಂಡಾಗಿದ್ದರೆ ಹತ್ತು ಗಂಟೆಯ ಕೂಲಿಯನ್ನು ಬೆಲೆಯಲ್ಲಿ ಕಳೆದು ಮಾತಾಡಿ. ನಮ್ಮದರ ಬೆನ್ನಿನ ಮೇಲೆ ಈಗ ಭಾನುವಾರಗಳಂದು ಮಾತ್ರ ಒಂದು ಹಳೆಯ ಟವೆಲ್ ಇರುತ್ತದೆ. ಹನ್ನೊಂದು ವರ್ಷದ ಮಗಳು ಅದನ್ನು ತಾನೇ ಹಾಸಿಕೊಳ್ಳುತ್ತಾಳೆ, ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಅದು ನೆಲದ ಮೇಲಿರುತ್ತದೆ.