ಹಾರದ ಜೀರುಂಡೆ: ಫೋಟೋ ಸಾಕಾ, ಮಾದರಿ ಬೇಕಾ?

ಕಾಸರಗೋಡಿನ ರಾಣಿಪುರಂ ಬೆಟ್ಟದಲ್ಲಿ ಕಪ್ಪು ಜೀರುಂಡೆಯೊಂದು ರೆಕ್ಕೆ ಬಿಚ್ಚದೆ ಓಡಿದರೆ, ಅದರ ಗುರುತು ಹಿಡಿಯಲು ದಾರಿ ಎರಡು: ಫೋಟೋ, ಇಲ್ಲವೇ ಮಾದರಿ, ಅಂದರೆ ಹಿಡಿದು ಕೆಡದಂತೆ ಇಟ್ಟ ಹುಳ.

ಫೋಟೋಗೆ ಖರ್ಚಿಲ್ಲ, ಹುಳಕ್ಕೂ ತೊಂದರೆ ಇಲ್ಲ. ಆದರೆ ಬೆನ್ನಿನದ್ದೊಂದೇ ಸಾಲದು. ಎಲ್ಲರೂ ಮರೆಯುವುದು ಕಾಲನ್ನು. ಕ್ಯಾರಾಬಿಡೆ (ನೆಲದ ಮೇಲೆ ಓಡಾಡುವ ಜೀರುಂಡೆಗಳ) ಕುಟುಂಬದ್ದಾದರೆ ಸಾಮಾನ್ಯವಾಗಿ ಆರೂ ಪಾದಗಳಲ್ಲಿ ಐದೈದು ಗೆಣ್ಣು. ಹೆಚ್ಚಾಗಿ ಕಪ್ಪಗಿರುವ ಜೀರುಂಡೆಗಳ ಇನ್ನೊಂದು ಕುಟುಂಬ ಟೆನೆಬ್ರಿಯೋನಿಡೆ ಆದರೆ ಹಿಂದಿನ ಜೋಡಿಯಲ್ಲಿ ನಾಲ್ಕೇ. ಇದೊಂದು ಲೆಕ್ಕ ಸಿಕ್ಕರೆ ಅರ್ಧ ಗೊಂದಲ ಮುಗಿಯಿತು. ಹೆಗಲೂ ನೋಡಿ. ಹಾರದವುಗಳಲ್ಲಿ ಅದು ಹೆಚ್ಚಾಗಿ ಇಳಿಜಾರು. ಬೆನ್ನಿನ ಎರಡು ಚಿಪ್ಪುಗಳು ಎಷ್ಟೋ ಸಲ ನಡುಗೆರೆಯಲ್ಲಿ ಬೆಸೆದೇ ಇರುತ್ತವೆ.

ಆರು ಬಿಳಿ ಚುಕ್ಕೆಯ ಆಂಥಿಯಾ ಸೆಕ್ಸ್‌ಗುಟ್ಟಾಟಾಗೆ ಫೋಟೋ ಧಾರಾಳವಾಯಿತು. ಬಯಲುಸೀಮೆಯಲ್ಲೂ ಕಾಣುವ ಈ ಹುಳಕ್ಕೆ ಹಾರಲು ಬರುವುದಿಲ್ಲ. ಹಾಗಂತ ಸುಮ್ನೆ ಮುಖ ಹತ್ತಿರ ತರಬೇಡಿ, ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಉರಿ ಜಾಸ್ತಿ.

ಅಪರೂಪದ ಬೆಟ್ಟದ ಜಾತಿಗಳ ಕಥೆ ಬೇರೆ. ಹಾರಲಾಗದ್ದರಿಂದ ಅವು ಒಂದೊಂದು ಬೆಟ್ಟದಲ್ಲೇ ಉಳಿದು, ಕಾಲಕ್ರಮೇಣ ಬೇರೆ ಬೇರೆ ಜಾತಿಗಳಾಗುತ್ತವೆ. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಒಂದೇ ಥರ. ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕಾಗುತ್ತದೆ. ಅಲ್ಲಿ ಮಾದರಿಯೇ ಬೇಕು. ಡಿಎನ್‌ಎ ಪರೀಕ್ಷೆಗೂ ಹೋಗುವುದಾದರೆ ಅದನ್ನು 95 ಶೇಕಡಾ ಎಥನಾಲ್‌ನಲ್ಲಿ ಇಡುವುದು ವಾಡಿಕೆ. ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಿಂದ ಹುಳ ಎತ್ತುವ ಹಾಗಿಲ್ಲ.

ಹವ್ಯಾಸಿಗಳಿಗೆ ನಾನು ಫೋಟೋವನ್ನೇ ಹೇಳುತ್ತೇನೆ. ಬೆನ್ನು, ಪಕ್ಕ, ಪಾದ, ಜೊತೆಗೆ ಒಂದು ಸ್ಕೇಲ್. ಜಾತಿ ಗೊತ್ತಾಗದಿದ್ದರೆ ಕುಲದಲ್ಲೇ (ಹತ್ತಿರದ ಜಾತಿಗಳ ಗುಂಪಿನ ಹೆಸರಿನಲ್ಲೇ) ನಿಲ್ಲಿಸಿ. ಮಾದರಿಯ ಕೆಲಸ ಅನುಮತಿ ಇರುವ ಸಂಶೋಧಕರಿಗೆ ಇರಲಿ.