ಎಕ್ಸರ್‌ಸಿಸಮ್: ಉತ್ತರ ಸರಿಯಾದ ಮೇಲೆ ಶುರುವಾಗುವ ಪಾಠ

ಪ್ರೋಗ್ರಾಮಿಂಗ್ ಕಲಿಸುವ ಉಚಿತ ತಾಣಗಳು ಈಗ ಬೇಕಾದಷ್ಟಿವೆ. ಹುಡುಗರು ಬರೆದ ಕೋಡನ್ನು ಸಾಲು ಸಾಲಾಗಿ ಓದಿ, ಇಲ್ಲಿ ಹೀಗೇಕೆ ಬರೆದೆ ಎಂದು ಕೇಳುವವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ತುಮಕೂರು ಜಿಲ್ಲೆಯ ಊರುಗಳಲ್ಲಿ, ಅದೂ ಮನೆಯಲ್ಲಿ ಈ ಕ್ಷೇತ್ರದವರು ಯಾರೂ ಇಲ್ಲದ ಹದಿಹರೆಯದವರಿಗೆ, ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬಿಕೊಡುತ್ತದೆ ಎಂಬ ಕಾರಣಕ್ಕೆ ಎಕ್ಸರ್‌ಸಿಸಮ್ ಎಂಬ ತಾಣದ ಬಗ್ಗೆ ಬರೆಯುತ್ತಿದ್ದೇನೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸುವವನು. ತಾಣವನ್ನು ಬಳಸುತ್ತಿರುವವನು ಗುಬ್ಬಿಯಲ್ಲಿರುವ ನನ್ನ ಅಕ್ಕನ ಮಗ. ವಾಣಿಜ್ಯ ವಿಭಾಗದ ದ್ವಿತೀಯ ಪಿಯುಸಿ ವಿದ್ಯಾರ್ಥಿಯಾದ ಅವನು ಯೂಟ್ಯೂಬ್‌ನ ಕನ್ನಡ ವಿಡಿಯೋಗಳನ್ನು ನೋಡಿಯೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವನು. ಅವನ ಪಕ್ಕ ಕುಳಿತು ಕಂಡದ್ದನ್ನೂ ನಾನೇ ಖಾತೆ ತೆರೆದು ಮಾಡಿ ನೋಡಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕತ್ರೀನಾ ಓವೆನ್ ಎಂಬ ಪ್ರೋಗ್ರಾಮರ್ 2013ರಲ್ಲಿ ತಮ್ಮ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಆರಂಭಿಸಿದ ಈ ತಾಣ ಇಂದು 70ಕ್ಕೂ ಹೆಚ್ಚು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅಭ್ಯಾಸಗಳನ್ನು ಕೊಡುತ್ತದೆ. ಇದನ್ನು ನಡೆಸುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಕಲಿಯುವವರಿಂದ ಶುಲ್ಕ ಪಡೆಯುವುದಿಲ್ಲ. ಒಂದೊಂದು ಭಾಷೆಗೂ ಒಂದೊಂದು ಟ್ರ್ಯಾಕ್ (ಅಭ್ಯಾಸಗಳ ಸರಣಿ), ಪ್ರತಿ ಅಭ್ಯಾಸಕ್ಕೂ ಒಂದು ವಿವರಣೆ ಮತ್ತು ನಮ್ಮ ಕೋಡನ್ನು ಪರೀಕ್ಷಿಸುವ ಟೆಸ್ಟ್‌ಗಳ ಗುಂಪು ಇರುತ್ತವೆ. ಬ್ರೌಸರ್‌ನಲ್ಲೇ ಬರೆಯಬಹುದು, ಇಲ್ಲವೇ ಅಭ್ಯಾಸವನ್ನು ಇಳಿಸಿಕೊಂಡು ಸ್ವಂತ ಕಂಪ್ಯೂಟರಿನಲ್ಲಿ ಬರೆದು ಕಳುಹಿಸಬಹುದು.

ಅಭ್ಯಾಸಗಳ ಗುಣಮಟ್ಟ ತಿಳಿಯಲು 'ಬಾಬ್' ಎಂಬ ಒಂದನ್ನು ನೋಡಿದರೆ ಸಾಕು. ಬಾಬ್ ಒಬ್ಬ ಉದಾಸೀನದ ಹದಿಹರೆಯದ ಹುಡುಗ, ಅವನಂತೆ ಉತ್ತರಿಸುವ ಪ್ರೋಗ್ರಾಂ ಬರೆಯಬೇಕು. ಪ್ರಶ್ನೆ ಕೇಳಿದರೆ 'ಶೂರ್' ಎನ್ನುತ್ತಾನೆ, ಎಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆದು ಕಿರುಚಿದರೆ 'ಚಿಲ್ ಔಟ್' ಎನ್ನುತ್ತಾನೆ, ಏನೂ ಹೇಳದೆ ನಿಂತರೆ ಅದಕ್ಕೂ ಮುನಿಸಿಕೊಳ್ಳುತ್ತಾನೆ, ಉಳಿದ ಯಾವ ಮಾತಿಗೂ 'ವಾಟೆವರ್' ಎಂಬುದೇ ಅವನ ಉತ್ತರ. (ಅಂಥವನೊಬ್ಬ ಮನೆಯಲ್ಲೇ ಇರುವ ನನ್ನ ಅಕ್ಕ ಇದನ್ನು ಕೇಳಿ ನಕ್ಕರು.) ನಮ್ಮ ಹುಡುಗ, ವಾಕ್ಯವನ್ನು ಪೂರ್ತಿ ದೊಡ್ಡಕ್ಷರಕ್ಕೆ ಬದಲಿಸಿದಾಗಲೂ ಅದು ಮೊದಲಿನಂತೆಯೇ ಉಳಿದರೆ ಕಿರುಚಾಟ ಎಂದು ಬರೆದಿದ್ದ. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಟೆಸ್ಟ್‌ಗಳಲ್ಲಿ '1, 2, 3' ಎಂಬ ಒಂದು ಸಾಲಿದೆ. ಅದರಲ್ಲಿ ಅಕ್ಷರವೇ ಇಲ್ಲದ್ದರಿಂದ ದೊಡ್ಡಕ್ಷರಕ್ಕೆ ಬದಲಿಸಿದರೂ ಅದು ಹಾಗೆಯೇ ಇರುತ್ತದೆ, ಪ್ರೋಗ್ರಾಂ ಅದನ್ನು ಕಿರುಚಾಟವೆಂದೇ ಎಣಿಸಿತು. ಪ್ರಶ್ನಾರ್ಥಕ ಚಿಹ್ನೆಯ ನಂತರ ಖಾಲಿ ಜಾಗಗಳಿರುವ ಇನ್ನೊಂದು ಸಾಲಿನಲ್ಲಿಯೂ ಎಡವಿತು. ತಾನು ಊಹಿಸದ ಇನ್‌ಪುಟ್ (ಪ್ರೋಗ್ರಾಂಗೆ ಕೊಡುವ ಮಾಹಿತಿ) ಬಂದೇ ಬರುತ್ತದೆ ಎಂಬ ಎಚ್ಚರವನ್ನು ಇಷ್ಟು ಚಿಕ್ಕ ಅಭ್ಯಾಸದಲ್ಲಿ ಇಷ್ಟು ಚೆನ್ನಾಗಿ ಮೂಡಿಸುವುದನ್ನು ನಾನು ಪಠ್ಯಪುಸ್ತಕಗಳಲ್ಲಿ ಕಂಡಿಲ್ಲ.

ಎಲ್ಲ ಟೆಸ್ಟ್‌ಗಳೂ ಪಾಸಾದ ಮೇಲೆ ತಾಣದ ನಿಜವಾದ ಬೆಲೆ ತಿಳಿಯುತ್ತದೆ. ಬಯಸಿದವರು ಮಾರ್ಗದರ್ಶಕರ ನೆರವು ಕೋರಬಹುದು. ಅವರೆಲ್ಲ ಬೇರೆ ಬೇರೆ ದೇಶಗಳ, ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ಕೋಡ್ ಓದುವ ಸ್ವಯಂಸೇವಕರು. ಅಕ್ಷರಗಳೇ ಇಲ್ಲದ ಸಾಲಿಗೆ ಹುಡುಗ ಒಂದು ಪ್ರತ್ಯೇಕ ಷರತ್ತು ಅಂಟಿಸಿ ಬಾಬ್‌ನನ್ನು ಹೇಗೋ ದಾಟಿಸಿದ್ದ. ಮಾರ್ಗದರ್ಶಕರು ಅದನ್ನು ತಿದ್ದಿಕೊಡಲಿಲ್ಲ. ಸಾಲು ಪೂರ್ತಿ ದೊಡ್ಡಕ್ಷರದಲ್ಲಿದೆಯೇ ಎಂದು ಹೇಳುವ, ಪೈಥಾನ್‌ನಲ್ಲೇ ಸಿದ್ಧವಿರುವ 'ಇಸ್‌ಅಪ್ಪರ್' ಎಂಬ ಮೆಥಡ್ ಅಕ್ಷರಗಳೇ ಇಲ್ಲದ ಸಾಲಿಗೆ ಏನು ಉತ್ತರ ಕೊಡುತ್ತದೆ, ಪರೀಕ್ಷಿಸಿ ನೋಡು ಎಂದಷ್ಟೇ ಬರೆದರು. ನೋಡಿದ. ಅದು 'ಅಲ್ಲ' ಎನ್ನುತ್ತದೆ, ಹಾಗಾಗಿ ಅಂಟಿಸಿದ ಷರತ್ತು ಬೇಕೇ ಇರಲಿಲ್ಲ. ತರಗತಿಯಲ್ಲಿ ಅರವತ್ತು ಮಕ್ಕಳ ಲೆಕ್ಕ ನೋಡಬೇಕಾದ ನನ್ನಂಥವರಿಗೆ, ಉತ್ತರ ಸರಿಯಿದ್ದರೂ ದಾರಿಯನ್ನು ಚರ್ಚಿಸುವ ಈ ವ್ಯವಧಾನ ಹೊಟ್ಟೆಕಿಚ್ಚು ತರಿಸುವಂಥದ್ದು.

ಒಂದು ಅಭ್ಯಾಸ ಮುಗಿಸಿದವರು ಅದೇ ಅಭ್ಯಾಸಕ್ಕೆ ಇತರರು ಪ್ರಕಟಿಸಿದ ಪರಿಹಾರಗಳನ್ನು ಓದಬಹುದು. ಅಧಿಕ ವರ್ಷವನ್ನು ಪತ್ತೆಮಾಡುವ ಅಭ್ಯಾಸವನ್ನೇ ತೆಗೆದುಕೊಳ್ಳಿ. 1900 ಅಧಿಕ ವರ್ಷವಲ್ಲ, 2000 ಹೌದು. 4, 100, 400 ಎಂಬ ಮೂರು ಭಾಗಾಕಾರಗಳನ್ನು ಒಂದೇ ಸಾಲಿನಲ್ಲಿ ಹೆಣೆಯುವುದು ಎಲ್ಲರ ದಾರಿ. ಯಾವ ಭಾಗಾಕಾರವನ್ನೂ ಮಾಡದೆ, ಫೆಬ್ರವರಿ 28ಕ್ಕೆ ಒಂದು ದಿನ ಕೂಡಿಸಿ, ಬಂದ ತಾರೀಖು 29 ಹೌದೇ ಎಂದು ಕೇಳುವ ಪರಿಹಾರವೂ ಅಲ್ಲಿದೆ. ಗಣಿತದ ಮೇಷ್ಟರಾಗಿ ನನಗೆ ಅದು ಕಳ್ಳದಾರಿ ಎನಿಸಿದರೂ, ಹುಡುಗನಿಗೆ ಅದೇ ಮೆಚ್ಚುಗೆಯಾಯಿತು.

ಇನ್ನು ಮಿತಿಗಳು. ಮೊದಲ ಅಕ್ಷರದಿಂದ ಕಲಿಯಬೇಕಾದವರಿಗೆ ಇದು ಕಠಿಣ. ವೇರಿಯಬಲ್, ಲೂಪ್, ಫಂಕ್ಷನ್‌ಗಳಂಥ ಪ್ರೋಗ್ರಾಮಿಂಗ್‌ನ ಮೂಲ ಪಾಠಗಳ ಪರಿಚಯವನ್ನು ಬೇರೆ ಕಡೆ ಮಾಡಿಕೊಂಡು ಬಂದರೆ ಒಳ್ಳೆಯದು. ವಿವರಣೆಗಳೂ ಸಂವಾದವೂ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡ ಮಾಧ್ಯಮದಿಂದ ಬಂದವರು ಆರಂಭದಲ್ಲಿ ಹಿಂಜರಿಯುವುದು ಸಹಜ. ನಮ್ಮ ಹುಡುಗ ತನ್ನ ಮೊದಲ ಕೋರಿಕೆಯನ್ನು ಬರೆಯಲು ಕೋಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಸ್ವಯಂಸೇವಕರ ಉತ್ತರಕ್ಕೆ ಕಾಯುವ ತಾಳ್ಮೆಯೂ ಇರಬೇಕು. ಇಲ್ಲಿನ ಅಭ್ಯಾಸಗಳ ಉತ್ತರಗಳು ಅಂತರ್ಜಾಲದಲ್ಲಿ ಎಲ್ಲೆಂದರಲ್ಲಿ ಸಿಗುತ್ತವೆ, ಚಾಟ್‌ಜಿಪಿಟಿಗೆ ಬಾಬ್ ಕ್ಷಣದ ಕೆಲಸ. ಹಾಗೆ ನಕಲು ಮಾಡುವವರನ್ನು ತಡೆಯುವವರು ಯಾರೂ ಇಲ್ಲ, ಅವರಿಗೆ ಇದರಿಂದ ಪ್ರಯೋಜನವೂ ಇಲ್ಲ. ಸರ್ಟಿಫಿಕೇಟ್‌ಗಾಗಿ ಕಲಿಯುವವರು ಬೇರೆಡೆ ಹೋಗುವುದು ಲೇಸು.

ಅಕ್ಕ-ಭಾವ ಮಗನನ್ನು ದುಬಾರಿ ಶುಲ್ಕ ಕೊಟ್ಟು ಬೆಂಗಳೂರಿನ ಕೋಚಿಂಗ್‌ಗೆ ಹಾಕುವ ಯೋಚನೆಯಲ್ಲಿದ್ದರು. ಆ ಹಣದ ಒಂದು ಭಾಗದಲ್ಲಿ ಬಳಸಿದ ಲ್ಯಾಪ್‌ಟಾಪ್ ಕೊಡಿಸಿ ಎಂದು ನಾನು ಹೇಳಿದೆ, ಏಕೆಂದರೆ ಕೀಬೋರ್ಡ್ ಇಲ್ಲದೆ ಫೋನಿನಲ್ಲಿ ಈ ಅಭ್ಯಾಸಗಳನ್ನು ಮಾಡುವುದು ಹಿಂಸೆ. ಖಾತೆ ತೆರೆಯುವ ಮಕ್ಕಳು ತಮ್ಮ ನಿಜವಾದ ಹೆಸರು, ಕಾಲೇಜು, ಊರುಗಳನ್ನು ಬರೆಯದಿರಲಿ. ಒಂದೇ ಭಾಷೆಯ ಟ್ರ್ಯಾಕ್ ಹಿಡಿದು, ಪಾಸಾದ ಪ್ರತಿ ಅಭ್ಯಾಸಕ್ಕೂ ಕೋರಿಕೆ ಕಳುಹಿಸದೆ, ತಮಗೇ ಅನುಮಾನವಿರುವ ಪರಿಹಾರವನ್ನು ಆರಿಸಿ, ಯಾವ ಸಾಲಿನ ಬಗ್ಗೆ ಏನು ತಿಳಿಯಬೇಕು ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದು ಕಳುಹಿಸಿದರೆ ಬರುವ ಉತ್ತರವೂ ಅಷ್ಟೇ ಖಚಿತವಾಗಿರುತ್ತದೆ.